ಹಡಗಿನ ಊಟಕ್ಕ ಗಂಡಸ್ರ ಕೋಟು

ಈಗೀಗ ನಮ್ಮ ಓಣಿಯೊಳಗ ಒಂದು ಹೊಸ ಚಿಂತಿ ಶುರು ಆಗೇದ. ಪರದೇಶದಾಗಿರೋ ಮಗ-ಸೊಸಿ, ಮಗಳು-ಅಳಿಯ, ಅಪ್ಪ-ಅವ್ವಗ ಕ್ರೂಸ್ ಟಿಕೀಟು ತಗಸಿ ಕಳಸ್ತಾರ. ಟಿಕೀಟಿನ ಜೋಡಿ ಒಂದು ಪಟ್ಟಿ ಬರತದ. ಇಂಥಾ ರಾತ್ರಿ ‘ಫಾರ್ಮಲ್ ನೈಟ್’, ಗಂಡಸ್ರು ಸೂಟು ಇಲ್ಲಾ ಡಿನ್ನರ್ ಜಾಕೆಟ್ಟು ಹಾಕ್ಕೊಂಡು ಊಟಕ್ಕ ಬರಬೇಕು ಅಂತ ಅದರಾಗ ಬರದಿರತದ. ಹೆಣ್ಮಕ್ಕಳಿಗೆ ಏನೂ ಕಾಳಜಿ ಇಲ್ಲ ಬಿಡ್ರಿ. ಒಂದು ಇಳಕಲ್ ಸೀರಿನೋ, ಮೈಸೂರು ರೇಶ್ಮಿನೋ ಉಟ್ಟು ಹೋದ್ರ ಯಾವ ರಾಣಿ ಎದುರಿಗೂ ಕೂಡಬಹುದು. ಪಂಚಾಯ್ತಿ ಏನಿದ್ರೂ ಗಂಡಸ್ರದು. “ಜೀವಮಾನದಾಗ ಟೈ ಕಟ್ಟಿಲ್ಲ, ಈಗ ಎಪ್ಪತ್ತಕ್ಕ ಕಟ್ಟಲೇನು? ನಾ ಬರಂಗಿಲ್ಲ, ನೀವ ಹೋಗ್ರಿ” ಅಂತ ಮುಖ ತಿರುವಿ ಕೂಡ್ತಾರ.

ಪೆಟ್ಟಿಗಿ ತುಂಬೋವ್ರು ನಾವು, ಇಸ್ತ್ರಿ ಮಾಡಸೋವ್ರು ನಾವು, ಅವ್ರ ಸಿಟ್ಟು ಇಳಸೋವ್ರೂ ನಾವ. ಅದಕ್ಕ ಈ ಪದ್ಧತಿ ಎಲ್ಲಿಂದ ಬಂತು, ಯಾರಿಗೋಸ್ಕರ ಬಂತು ಅನ್ನೋದು ನಮಗ ಗೊತ್ತಿದ್ರ ಚಲೋ. ಮೂಲ ಗೊತ್ತಾದ ಮ್ಯಾಲೆ ಅರ್ಧ ಅಂಜಿಕಿ ಹೋಗ್ತದ.

ಮೊದಲ ಒಂದು ಮಾತು. ಊಟಕ್ಕಂತ ಬ್ಯಾರೆ ಅರಿವಿ ಅನ್ನೋದು ಇಂಗ್ಲೀಷರದಷ್ಟ ಅಲ್ಲ. ನಮ್ಮ ಮನಿಯೊಳಗ ಹಬ್ಬದ ದಿವ್ಸ ಗಂಡಸ್ರು ಮುಗುಟ ಉಟ್ಟ ಎಲಿ ಮುಂದ ಕೂಡ್ತಿದ್ದಿದ್ದಿಲ್ಲೇನು? ಆಫೀಸಿನ ಪ್ಯಾಂಟಿನ ಮ್ಯಾಲೆ ಅಡಗಿ ಮನಿ ಹೊಸ್ತಿಲಾ ದಾಟಿದ್ರ ಅಜ್ಜಿ ಸುಮ್ನ ಬಿಡ್ತಿದ್ಲೇನು? ಕರಾವಳಿ ಕಡೆ ಕೆಲವು ಗುಡಿಯೊಳಗ ಇವತ್ತಿಗೂ ಗಂಡಸ್ರು ಅಂಗಿ ತಗದ ಒಳಗ ಹೋಗಬೇಕು. ಅಲ್ಲಿ ಅಂಗಿ ತಗಿ ಅಂತಾರ, ಹಡಗಿನ್ಯಾಗ ಕೋಟು ಹಾಕ್ಕೋ ಅಂತಾರ. ಎರಡೂ ಮನಿ ರೀತಿನ. ಆದ್ರ ಯಾವ ರೀತಿ ಹೆಂಗ ಹುಟ್ಟಿತು ಅನ್ನೋದರಾಗ ಮಜಾ ಅದ.

ಇಂಗ್ಲೆಂಡಿನ ದೊಡ್ಡ ಮನಿತನದವ್ರು ನೂರೈವತ್ತು ವರ್ಷದ ಹಿಂದ ದಿನಕ್ಕ ನಾಕ್ಸಲ ಅರಿವಿ ಬದಲಿ ಮಾಡ್ತಿದ್ರು. ಮುಂಜಾನೆ ಒಂದು, ಕುದುರಿ ಹತ್ತಲಿಕ್ಕೆ ಒಂದು, ರಾತ್ರಿ ಊಟಕ್ಕ ಒಂದು. ರಾತ್ರಿದು ಅಂದ್ರ ಹಿಂದ ಬಾಲ ಇದ್ದ ಕರೀ ಕೋಟು, ಬಿಳೀ ಟೈ, ಎದಿ ಮ್ಯಾಲೆ ರಟ್ಟಿನಂಗ ಗಂಜಿ ಹಾಕಿದ ಬಿಳೀ ಅಂಗಿ. ಕೂತ್ರ ಬಾಲ ಸರಸಬೇಕು, ಬಗ್ಗಿದ್ರ ಎದಿ ಚುಚ್ಚತದ. ಮನಿಯೊಳಗ ಹೆಂಡ್ರು ಮಕ್ಕಳ ಜೋಡಿ ಉಂಡ್ರೂ ಇದ ವೇಷ.

ಈ ಕಾಟ ಮೊದಲ ತಾಳದ ಹೋದವ ಬ್ಯಾರೆ ಯಾರೂ ಅಲ್ಲ, ವಿಕ್ಟೋರಿಯಾ ರಾಣಿ ಹಿರೀ ಮಗ, ಮುಂದ ಏಳನೇ ಎಡ್ವರ್ಡ್ ಅಂತ ರಾಜ ಆದವ. 1865ರಾಗ ಲಂಡನ್ನಿನ ಸ್ಯಾವಿಲ್ ರೋ ಓಣಿಯ ಹೆನ್ರಿ ಪೂಲ್ ಅನ್ನೋ ಸಿಂಪಿಗ್ಯಾರ ಅಂಗಡಿಯವ್ರು ಅವಗ ಬಾಲ ಇಲ್ಲದ ಒಂದು ಗಿಡ್ಡ ನೀಲಿ ಕೋಟು ಹೊಲಿದು ಕೊಟ್ರು. ತನ್ನ ಹಳ್ಳಿ ಅರಮನಿ ಸ್ಯಾಂಡ್ರಿಂಗಮ್‌ನಾಗ ಮಂದಿ ಕಡಿಮಿ ಇದ್ದಾಗ ಹಾಕ್ಕೊಳ್ಳಿಕ್ಕೆ. ಮುಂದ ಹತ್ತು ವರ್ಷಕ್ಕ, 1875ರಾಗ, ಆತ ‘ಸೆರಾಪಿಸ್’ ಅನ್ನೋ ಹಡಗಿನ್ಯಾಗ ನಮ್ಮ ದೇಶಕ್ಕ ಬಂದ. ನವೆಂಬರ್ 8ಕ್ಕ ಮುಂಬಯಿಗೆ ಇಳದ. ದಾರ್ಯಾಗ ಸೆಕಿ ತಡಿಲಿಕ್ಕಾಗಲಿಲ್ಲ. ಹಡಗಿನ ಊಟಕ್ಕ ಬಾಲದ ಕೋಟು ಬ್ಯಾಡ, ರೇಶ್ಮಿ ಕಾಲರಿನ ಗಿಡ್ಡ ನೀಲಿ ಕೋಟು, ಕರೀ ಪ್ಯಾಂಟು, ಕರೀ ಬೋ ಟೈ ಸಾಕು ಅಂದ. ರಾಜಕುಮಾರನ ಅಂದ ಮ್ಯಾಲೆ ಉಳದವ್ರಿಗೆ ಬ್ಯಾಡ ಅನ್ನಲಿಕ್ಕೆ ಏನದ?

1886ರಾಗ ಈ ಗಿಡ್ಡ ಕೋಟು ನ್ಯೂಯಾರ್ಕಿನ ಹತ್ರ ಟಕ್ಸೀಡೋ ಪಾರ್ಕ್ ಅನ್ನೋ ಸಾಹುಕಾರರ ಕ್ಲಬ್ಬಿನ್ಯಾಗ ಕಾಣಿಸ್ಕೊಂಡಿತು. ಅಮೆರಿಕಾದವ್ರು ಅದಕ್ಕ ಆ ಊರಿನ ಹೆಸರನ್ನ ಇಟ್ರು. ಈಗ ನಮ್ಮ ಮಕ್ಕಳು ‘ಟಕ್ಸ್’ ಅಂತಾರಲ್ಲ, ಅದ ಇದು. ಅಂದ್ರ ನೋಡ್ರಿ, ಇವತ್ತು ಯಾವ ಕೋಟಿಗೆ ನಾವು ಇಷ್ಟು ಅಂಜತೇವಿ, ಅದು ಹುಟ್ಟಿದ್ದ ಆರಾಮಕ್ಕ. ಇಂಡಿಯಾದ ಸೆಕಿಗೆ ಬೆವರಿದ ಒಬ್ಬ ರಾಜಕುಮಾರ ಬಿಗಿ ಅರಿವಿ ಸಡ್ಲ ಮಾಡಿದ್ದು.

ಇಲ್ಲಿ ತನಕ ಗಂಡಸ್ರ ಕಥಿ ಆತು. ಆ ಬಿಳೀ ಅಂಗಿ ಒಗದವ್ರು ಯಾರು? ಅದನ್ನ ಯಾವ ಪುಸ್ತಕದಾಗೂ ಮೊದಲ ಪಾನಿನ್ಯಾಗ ಬರಿಯಂಗಿಲ್ಲ.

ಅಮೆರಿಕಾದ ಟ್ರಾಯ್ ಅನ್ನೋ ಊರಾಗ ಹ್ಯಾನ್ನಾ ಮಾಂಟೆಗ್ಯೂ ಅನ್ನೋ ಹೆಣ್ಮಗಳು ಇದ್ಲು. ಗಂಡನ ಅಂಗಿ ಎಲ್ಲಾ ಸ್ವಚ್ಛ ಇರತಿತ್ತು, ಕಾಲರ್ ಅಷ್ಟ ಹೊಲಸು. ಅಷ್ಟಕ್ಕ ದಿನಾ ಇಡೀ ಅಂಗಿ ಒಗದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಸಾಕಾತು ಆಕಿಗೆ. 1827ರಾಗ ಒಂದಿನ ಕಾಲರ್ ಕತ್ತರಿಸಿ ತಗದು, ಅದನ್ನಷ್ಟ ಒಗದು, ತಿರುಗಿ ಕಟ್ಟೋ ಹಂಗ ಮಾಡಿದ್ಲು ಅಂತ ಹೇಳ್ತಾರ. ನಮ್ಮ ಮನಿಯೊಳಗ ದಿಂಬಿಗೆ ಗವಸು ಹಾಕಿಲ್ಲೇನು, ಹಂಗ. ಆ ಒಂದು ಉಪಾಯದ ಮ್ಯಾಲೆ ಟ್ರಾಯ್ ಊರಿಗೆ ಊರ ಕಾಲರಿನ ಕಾರಖಾನಿ ಆತು. ಜಗತ್ತಿನ ಸಾಹುಕಾರರ ಕೊರಳಿಗೆಲ್ಲ ಅಲ್ಲಿಂದ ಕಾಲರ್ ಹೋಗಲಿಕ್ಕೆ ಹತ್ತಿದ್ವು.

ಕಾರಖಾನಿ ಬಂದ ಮ್ಯಾಲೆ ಒಗಿಯೋ ಕೆಲಸ ಮನಿ ಬಿಟ್ಟು ಹೊರಗ ಹೋತು, ಆದ್ರ ಹೆಣ್ಮಕ್ಕಳ ಕೈ ಬಿಟ್ಟು ಹೋಗಲಿಲ್ಲ. ಕುದಿಯೋ ನೀರು, ಬ್ಲೀಚು, ಕೆಂಪಗ ಕಾದ ಇಸ್ತ್ರಿ ಪೆಟ್ಟಿಗಿ. ದಿನಕ್ಕ ಹನ್ನೆರಡು-ಹದಿನಾಕು ತಾಸು ದುಡಿತ, ಕೂಲಿ ಅಷ್ಟಕ್ಕಷ್ಟ. ಇಸ್ತ್ರಿ ಕಲೆ ಬಿದ್ರ ಪಗಾರದಾಗ ಕಟ್. 1864ರಾಗ ಕೇಟ್ ಮುಲೇನಿ ಅನ್ನೋ ಐರಿಷ್ ಹುಡುಗಿ, ಇನ್ನೂ ಇಪ್ಪತ್ತರ ಆಸುಪಾಸಿನಾಕಿ, ಸುಮಾರು 300 ಮಂದಿ ಒಗಿಯೋ ಹೆಣ್ಮಕ್ಕಳನ್ನ ಕೂಡಿಸಿ ಸಂಘ ಕಟ್ಟಿದ್ಲು. ಎಲ್ಲಾರೂ ಕೆಲಸ ನಿಲ್ಲಿಸಿದ್ರು. ಒಂದು ವಾರದೊಳಗ ಮಾಲಕರು ಕೂಲಿ ಏರಿಸಿದ್ರು. ಕಾಲರ್ ಬಿಳೀ ಇರಬೇಕಂದ್ರ ಯಾರ ಕೈ ಬೇಕು ಅನ್ನೋದು ಅವತ್ತು ಮಾಲಕರಿಗೆ ತಿಳೀತು. ಹಡಗಿನ ಊಟದ ಇತಿಹಾಸ ಹೇಳುವಾಗ ರಾಜಕುಮಾರನ ಹೆಸರು ಬರೋ ಕಡೆ ಹ್ಯಾನ್ನಾ, ಕೇಟ್ ಅವ್ರ ಹೆಸರೂ ಬರಬೇಕು ಅಂತ ನನಗ ಅನಸ್ತದ.

ಇನ್ನ ಹಡಗಿಗೆ ಬರೋಣ. 1869ರಾಗ ಸುಯೆಜ್ ಕಾಲುವಿ ತೆರೀತು. ಆಫ್ರಿಕಾ ಸುತ್ತು ಹಾಕೋದು ತಪ್ಪಿ ಇಂಗ್ಲೆಂಡು ಹತ್ರ ಆತು. ಪಿ ಅಂಡ್ ಓ ಕಂಪನಿ ಹಡಗಿನ್ಯಾಗ ಕಲೆಕ್ಟರ್ ಸಾಹೇಬ್ರು, ಮಿಲಿಟರಿಯವ್ರು, ಚಹಾ ತೋಟದ ಮಾಲಕರು, ಅವ್ರ ಮಡ್ಡಮ್ಮನವ್ರು ವಾರಗಟ್ಟಲೆ ಕೂತು ಬರತಿದ್ರು. ಪೆಟ್ಟಿಗಿಗೆ ಎರಡು ನಮೂನಿ ಚೀಟಿ ಹಚ್ಚತಿದ್ರು: ‘ಪ್ರಯಾಣದಾಗ ಬೇಕು’, ‘ಪ್ರಯಾಣದಾಗ ಬ್ಯಾಡ’. ಬ್ಯಾಡಾದ್ದು ತಳದ ಗೋದಾಮಿಗೆ. ಬೇಕಾದ್ದರಾಗ ಊಟದ ಕೋಟು ಇರಲೇಬೇಕು. ಮೊದಲನೇ ರಾತ್ರಿ ಮತ್ತ ಕಡೀ ರಾತ್ರಿ ಮಾತ್ರ ಮಾಫಿ. ಮೊದಲನೇ ರಾತ್ರಿ ಪೆಟ್ಟಿಗಿ ಬಿಚ್ಚಿರಂಗಿಲ್ಲ, ಕಡೀ ರಾತ್ರಿ ಕಟ್ಟಿರತಾರ ಅಂತ.

ಕೆಂಪು ಸಮುದ್ರ ಬಂತಂದ್ರ ಸಾಹೇಬ್ರ ಶಿಸ್ತು ಕರಗತಿತ್ತು. ಎರಡೂ ಕಡೆ ಮರಳುಗಾಡು, ಗಾಳಿ ಇಲ್ಲ, ಕರೆಂಟು ಫ್ಯಾನಿನ ಕಾಲ ಇನ್ನೂ ಬಂದಿದ್ದಿಲ್ಲ. ಊಟದ ಸಾಲಿನ ಮ್ಯಾಲೆ ಬಟ್ಟಿ ಪಂಕಾ ತೂಗಹಾಕಿ ಹುಡುಗ್ರ ಕಡೆ ಎಳಸ್ತಿದ್ರು. ಆವಾಗ ಒಂದು ತೋಡು ಹುಟ್ಟಿತು: ಕೋಟು ತಗದು ಇಡೋದು, ಬಿಳೀ ಅಂಗಿ, ಕರೀ ಪ್ಯಾಂಟು, ನಡಕ್ಕ ಒಂದು ಅಗಲದ ರೇಶ್ಮಿ ಪಟ್ಟಿ. ಇದಕ್ಕ ‘ರೆಡ್ ಸೀ ರಿಗ್’ ಅಂತ ಹೆಸರು ಬಿತ್ತು. ಅಂದ್ರ ಕೆಂಪು ಸಮುದ್ರದ ಪೋಷಾಕು. ಆ ನಡಪಟ್ಟಿಗೆ ಇಂಗ್ಲೀಷಿನ್ಯಾಗ ಏನಂತಾರ ಗೊತ್ತೇನು? ಕಮರ್‌ಬಂಡ್. ನಮ್ಮ ಕಮರಬಂದ! ಪಾರ್ಸಿ ಶಬ್ದ. ಕಮರ ಅಂದ್ರ ನಡ, ಬಂದ್ ಅಂದ್ರ ಕಟ್ಟು. ನಮ್ಮ ದೇಶದಾಗ ನೌಕರಿ ಮಾಡಿದ ಮಿಲಿಟರಿ ಸಾಹೇಬ್ರು ಇಲ್ಲಿ ಸಿಪಾಯಿ, ಚಪರಾಸಿ ನಡಕ್ಕ ಸುತ್ತಿದ್ದು ನೋಡಿ ತಾವೂ ಸುತ್ತಿಕೊಂಡ್ರು. ಈಗ ಅದ ಪಟ್ಟಿ ಜಗತ್ತಿನ ದೊಡ್ಡ ದೊಡ್ಡ ಔತಣದಾಗ ಡಿನ್ನರ್ ಜಾಕೆಟ್ಟಿನ ಕೆಳಗ ಕೂತದ. ಯಜಮಾನ್ರು “ಅದು ನಮ್ಮದಲ್ಲ” ಅಂದ್ರ ಈ ಮಾತು ಹೇಳ್ರಿ.

ಆದ್ರ ಕೂತು ಉಂಡವ್ರು ಅಷ್ಟ ಹಡಗಿನ್ಯಾಗ ಇದ್ದಿದ್ದಿಲ್ಲ. ಬಡಿಸೋವ್ರಾಗ ಭಾಳ ಮಂದಿ ಗೋವಾದವ್ರು. ಅಡಗಿ, ಮೇಜು, ಕೋಣಿ ಎಲ್ಲಾ ಅವ್ರ ಕೈಯಾಗ. ಮುಂಬಯಿಯ ಧೋಬಿ ತಲಾವ್ ಕಡೆ ಗೋವಾದ ಒಂದೊಂದು ಊರಿನವ್ರು ಒಂದೊಂದು ‘ಕೂಡ್’ ಅಂತ ವಸತಿ ಮನಿ ಮಾಡ್ಕೊಂಡು, ಹಡಗು ಬರೋ ತನಕ ಅಲ್ಲಿ ಇರತಿದ್ರು. ಡೆಕ್ಕಿನ ಕೆಲಸಕ್ಕ ರತ್ನಾಗಿರಿ, ಗುಜರಾತ್ ಕಡೆಯ ಲಸ್ಕರರು. ತಳದಾಗ ಬಾಯ್ಲರಿಗೆ ಇದ್ದಲಿ ಹಾಕೋವ್ರು ಪಂಜಾಬಿನ ಕಡೆಯವ್ರು, ಪಠಾಣರು. ಬಿಳೀ ನಾವಿಕರಿಗಿಂತ ಇವ್ರಿಗೆ ಪಗಾರ ಭಾಳ ಕಡಿಮಿ. ಮ್ಯಾಲೆ ರೇಶ್ಮಿ ಕಾಲರ್ ಆದ್ರ, ಎಂಜಿನ್ನಿನ ಕೆಲಸಕ್ಕ ಒರಟು ನೀಲಿ ಹತ್ತಿ ಬಟ್ಟಿ. ಅದಕ್ಕ ‘ಡಂಗರೀ’ ಅಂತಾರ. ಅದೂ ನಮ್ಮದ, ಮುಂಬಯಿಯ ಡೋಂಗ್ರಿ ಅನ್ನೋ ಜಾಗದ ಹೆಸರಿನಿಂದ ಬಂದದ್ದು. ಅಂದ್ರ ಹಡಗಿನ ಮ್ಯಾಲಿನ ಅಂತಸ್ತಿನ ನಡಪಟ್ಟಿ, ಕೆಳಗಿನ ಅಂತಸ್ತಿನ ಒರಟು ಬಟ್ಟಿ, ಎರಡರ ಹೆಸರೂ ನಮ್ಮ ಕಡೆಯಿಂದ ಹೋದದ್ದು. ಯಾರು ಯಾವುದನ್ನ ಹಾಕ್ಕೋಬೇಕು ಅನ್ನೋದು ಮಾತ್ರ ಬ್ಯಾರೆಯವ್ರು ಠರಾಯಿಸಿದ್ರು.

ನಮ್ಮವ್ರು ಪ್ರಯಾಣಿಕರಾಗಿ ಹೋದಾಗ ಏನಾತು? ಇದಕ್ಕ ಗಾಂಧೀಜಿ ತಮ್ಮ ಆತ್ಮಕಥಿಯೊಳಗ ಎಲ್ಲಾ ಬಿಚ್ಚಿ ಬರದಾರ. 1888ರ ಸೆಪ್ಟೆಂಬರ್ 4ಕ್ಕ ಮುಂಬಯಿಯಿಂದ ‘ಕ್ಲೈಡ್’ ಹಡಗು ಹತ್ತಿದಾಗ ಅವ್ರಿಗೆ ಇನ್ನೂ 18 ವರ್ಷ. ಕರೀ ಸೂಟು ಹಡಗಿಗೆ, ಬಿಳೀ ಫ್ಲಾನೆಲ್ ಸೂಟು ಇಳಿಯೋ ದಿವ್ಸಕ್ಕ ಅಂತ ತಗದಿಟ್ಟಿದ್ರು. ಟೈ ನೋಡಿದ್ರ ಅಸಹ್ಯ, ಗಿಡ್ಡ ಕೋಟು ನೋಡಿದ್ರ ನಾಚಿಕಿ. ಚೂರಿ-ಚಮಚ ಹಿಡಿಲಿಕ್ಕೆ ಬರತಿದ್ದಿದ್ದಿಲ್ಲ. ಯಾವ ಪದಾರ್ಥದಾಗ ಮಾಂಸ ಇಲ್ಲ ಅಂತ ಕೇಳಲಿಕ್ಕೆ ಧೈರ್ಯ ಇಲ್ಲ. ಅದಕ್ಕ ಊಟದ ಮೇಜಿಗೆ ಹೋಗಲೇ ಇಲ್ಲ. ಮನಿಯಿಂದ ಒಯ್ದ ಮಿಠಾಯಿ, ಹಣ್ಣು ತಿಂದು ಕೋಣಿಯೊಳಗ ಕೂತು ದಿನ ಕಳದ್ರು. ಸೆಪ್ಟೆಂಬರ್ ಕಡಿಗೆ ದಂಡಿಗೆ ಇಳದಾಗ ಬಿಳೀ ಸೂಟು ಹಾಕ್ಕೊಂಡಾವ್ರು ಅವ್ರೊಬ್ಬರ. ಪೆಟ್ಟಿಗಿ ಬ್ಯಾರೆ ಕಡೆ ಹೋಗಿತ್ತು, ನಡುವ ಭಾನುವಾರ. ಆ ಬಿಳೀ ಅರಿವಿ ಮ್ಯಾಲೆನ ಮಂದಿ ಎದುರಿಗೆ ಅಡ್ಡಾಡಬೇಕಾತು.

ಆಮ್ಯಾಲೆ ಲಂಡನ್ನಿನ್ಯಾಗ ಆ ನಾಚಿಕಿ ತಿರುಗಿ ಹಟ ಆತು. ಬಾಂಡ್ ಸ್ಟ್ರೀಟಿನ್ಯಾಗ ಹತ್ತು ಪೌಂಡು ಕೊಟ್ಟು ಊಟದ ಸೂಟು ಹೊಲಿಸಿದ್ರು, ದಿನಾ ಹತ್ತು ನಿಮಿಷ ಕನ್ನಡಿ ಮುಂದ ನಿಂತು ಟೈ ಕಟ್ಟಿದ್ರು. ಇದನ್ನೂ ಅವ್ರ ಬರದಾರ.

ಈಗ 43 ವರ್ಷ ದಾಟ್ರಿ. 1931ರ ಆಗಸ್ಟ್ 29. ಅದ ಮುಂಬಯಿ ದಂಡಿ, ಹಡಗಿನ ಹೆಸರು ‘ರಾಜಪುತಾನಾ’. ದುಂಡು ಮೇಜಿನ ಪರಿಷತ್ತಿಗೆ ಹೊಂಟ ಅದ ಗಾಂಧೀಜಿ ಮೊಣಕಾಲ ಮ್ಯಾಲಿನ ಪಂಜಿ, ಹೆಗಲಿಗೆ ಶಾಲು. ಹಡಗಿನ್ಯಾಗ ಜೋಡಿದಾರರ ಸಾಮಾನು ನೋಡಿ ಸಿಟ್ಟಾಗಿ, ಬ್ಯಾಡಾದ ಪೆಟ್ಟಿಗಿಗಳನ್ನ ಏಡನ್‌ನಿಂದ ಹಿಂದಕ್ಕ ಕಳಸಿದ್ರು. ಅದ ವೇಷದಾಗ ಬಕಿಂಗ್‌ಹ್ಯಾಮ್ ಅರಮನಿಗೆ ಹೋಗಿ ಐದನೇ ಜಾರ್ಜ್ ರಾಜನ ಚಹಾ ಕೂಟಕ್ಕೂ ನಿಂತ್ರು. ಗಂಜಿ ಕಾಲರ್ ಹಾಕ್ಕೊಂಡಾಗ ಮೇಜಿಗೆ ಬರಲಿಕ್ಕೆ ಅಂಜಿದವ್ರು, ಪಂಜಿ ಉಟ್ಟಾಗ ರಾಜನ ಮನಿಗೂ ಅಂಜಲಿಲ್ಲ. ಧೈರ್ಯ ಅರಿವ್ಯಾಗ ಇದ್ದಿದ್ದಿಲ್ಲ ಅನ್ನೋದು ಇದರಾಗ ಗೊತ್ತಾಗ್ತದ.

ನಮ್ಮ ಕರ್ನಾಟಕದಾಗ ನಡುವಿನ ದಾರಿ ಹಿಡದವ್ರೂ ಇದ್ರು. ಸರ್ ಎಂ. ವಿಶ್ವೇಶ್ವರಯ್ಯನವ್ರ ಫೋಟೋ ನೋಡ್ರಿ. ಕೋಟು, ಟೈ ಎಲ್ಲಾ ಇಂಗ್ಲೀಷ್ ರೀತಿ, ತಲಿ ಮ್ಯಾಲೆ ಮಾತ್ರ ಜರಿ ಅಂಚಿನ ಮೈಸೂರು ಪೇಟಾ. 1898ರಾಗ ಜಪಾನಿಗೆ ಹೋಗಿ ಬಂದಿದ್ರು, 1906ರಾಗ ನೀರಿನ ಕೆಲಸಕ್ಕ ಏಡನ್‌ಗೂ ಹೋಗಿದ್ರು. ಕೋಟು ಅವ್ರದು, ಪೇಟಾ ನಮ್ಮದು. ಯಾರೂ ಅವ್ರನ್ನ ಅಡ್ಡಿ ಮಾಡಲಿಲ್ಲ, ನಗಲಿಲ್ಲ. ಗೌರವ ಕೊಟ್ರು.

ಆ ಕಡೆ ಅಟ್ಲಾಂಟಿಕ್ ಸಮುದ್ರದಾಗ ಇನ್ನೊಂದು ಕಥಿ. ಟೈಟಾನಿಕ್ ಎಲ್ಲಾರಿಗೂ ಗೊತ್ತು. ಆ ಒಂದು ಹಡಗಿನ್ಯಾಗ ಊಟದ ಮೇಜಿನ ಹಾಸು 6,000, ಕೈ ಒರಸೋ ಅರಿವಿ 45,000 ಇದ್ವು. ಯಾಕಂದ್ರ ಹಡಗಿನ್ಯಾಗ ಒಗಿಯೋ ಮನಿನ ಇದ್ದಿದ್ದಿಲ್ಲ, ಹೊಲಸಾದ್ದೆಲ್ಲಾ ದಂಡಿಗೆ ಬಂದ ಮ್ಯಾಲೆನ ಒಗಿಯೋದು. ನಾವಾಗಿದ್ರ ಮೊದಲ ಅದನ್ನ ಲೆಕ್ಕ ಹಾಕ್ತಿದ್ವಿ. 1912ರ ಏಪ್ರಿಲ್ 14ರ ರಾತ್ರಿ ಬರ್ಫದ ಗುಡ್ಡಕ್ಕ ಬಡದ ಮ್ಯಾಲೆ, ಬೆಂಜಮಿನ್ ಗುಗೆನ್‌ಹೈಮ್ ಅನ್ನೋ ಕೋಟ್ಯಾಧೀಶ ಉಣ್ಣಿ ಸ್ವೆಟರ್ ತಗದು, ತನ್ನ ಸೇವಕನ ಜೋಡಿ ಊಟದ ಕೋಟು ಹಾಕ್ಕೊಂಡು ಬಂದು ನಿಂತನಂತ. ಬದುಕಿ ಬಂದ ಒಬ್ಬ ಪರಿಚಾರಕ ಹೇಳಿದ್ದು ಇದು. ಮೂರನೇ ಕ್ಲಾಸಿನ ಬಡವ್ರಿಗೆ ಊಟಕ್ಕ ಬ್ಯಾರೆ ಅರಿವಿ ಇದ್ದಿದ್ದಿಲ್ಲ, ಸಾವಿಗೂ ಇದ್ದಿದ್ದಿಲ್ಲ. ಮ್ಯಾಲಿನ ಕ್ಲಾಸಿನವ್ರ ಹೋಲಿಕಿಯೊಳಗ ಅವ್ರು ಸತ್ತದ್ದು ಭಾಳ ಮಂದಿ.

ಮುಂದ 1922ರಾಗ ಎಮಿಲಿ ಪೋಸ್ಟ್ ಅನ್ನೋ ಅಮೆರಿಕಾದ ಬಾಯಿ ರೀತಿ-ನೀತಿ ಪುಸ್ತಕ ಬರದ್ಲು. ಅದರಾಗ ಆಕಿ ಹಡಗಿನ ಊಟಕ್ಕ ಕುಣಿಯೋ ಕೂಟದ ಭಾರೀ ಅರಿವಿ ಹಾಕ್ಕೊಂಡ್ ಬರೋವ್ರನ್ನ ಚಲೋ ಬೈದಾಳ. ತೋರಸಲಿಕ್ಕೆ ಬ್ಯಾರೆ ಜಾಗಾ ಇಲ್ಲದವ್ರು ಹಂಗ ಮಾಡ್ತಾರ ಅನ್ನೋ ಅರ್ಥದಾಗ. ಅಂದ್ರ ಅತೀ ಮಾಡೋದೂ ತಪ್ಪ ಅನ್ನೋದು ಆ ಮಂದಿಗೂ ಗೊತ್ತಿತ್ತು.

1958ರ ಅಕ್ಟೋಬರದಾಗ ಲಂಡನ್-ನ್ಯೂಯಾರ್ಕ್ ನಡುವ ಜೆಟ್ ವಿಮಾನ ಶುರು ಆದ್ವು. ಐದಾರು ದಿವ್ಸದ ಹಾದಿ ತಾಸಿನ ಲೆಕ್ಕಕ್ಕ ಬಂತು. ಊರು ಮುಟ್ಟಲಿಕ್ಕೆ ಹಡಗು ಹತ್ತೋವ್ರು ಕಡಿಮಿ ಆದ್ರು. ಅದಕ್ಕ ಕಂಪನಿಯವ್ರು ತಿರುಗಾಡಲಿಕ್ಕ ಅಂತನ ಹಡಗು ನಡಸಲಿಕ್ಕೆ ಹತ್ತಿದ್ರು. ಅದ ಈಗಿನ ಕ್ರೂಸ್. ಮಂದಿ ಸಾಹುಕಾರರಷ್ಟ ಅಲ್ಲ, ಮಾಸ್ತರರು, ಬ್ಯಾಂಕಿನವ್ರು, ರಿಟಾಯರ್ ಆದವ್ರು ಬರಲಿಕ್ಕೆ ಶುರು ಮಾಡಿದ್ರು. ನಿಯಮಾನೂ ಸಡ್ಲ ಆದ್ವು. 2000ದಾಗ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಅಂತ ತಂದು, ಗೊತ್ತಾದ ವ್ಯಾಳ್ಯಾ, ಗೊತ್ತಾದ ಮೇಜು, ಗೊತ್ತಾದ ಕೋಟು ಎಲ್ಲಾ ಬ್ಯಾಡ ಅಂತು. ಕುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಥರದ ಹಡಗಿನ್ಯಾಗ ಮಾತ್ರ ಇವತ್ತಿಗೂ ಗಾಲಾ ರಾತ್ರಿ ಇರತಾವ.

ನಮ್ಮ ದೇಶದಾಗ ಇದು ಪೂರಾ ಮುಗಿದಿಲ್ಲ. 2014ರಾಗ ಚೆನ್ನೈದಾಗ ಒಬ್ಬ ಹೈಕೋರ್ಟ್ ನ್ಯಾಯಾಧೀಶರನ್ನ ವೇಷ್ಟಿ ಉಟ್ಟಾರಂತ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನೊಳಗ ಬಿಡಲಿಲ್ಲ. ಆ ವರ್ಷನ ತಮಿಳುನಾಡು ಸರ್ಕಾರ ಕಾಯ್ದೆ ಮಾಡಿ, ವೇಷ್ಟಿ ಉಟ್ಟವ್ರನ್ನ ಹಂಗ ತಡೀಬಾರದು ಅಂತು. ಇಂಗ್ಲೀಷರು ಹೋಗಿ 67 ವರ್ಷ ಆಗಿತ್ತು! ಹಡಗಿನವ್ರಾದ್ರೂ ಬದಲಿ ಆದ್ರು, ನಮ್ಮ ಕ್ಲಬ್ಬಿನವ್ರಿಗೆ ಕಾಯ್ದೆ ಬೇಕಾತು.

ಇನ್ನ ಪೆಟ್ಟಿಗಿ ತುಂಬೋ ಮಾತು. ಒಂದು ವಾರದ ಕ್ರೂಸಿನ್ಯಾಗ ಫಾರ್ಮಲ್ ರಾತ್ರಿ ಸಾಮಾನ್ಯವಾಗಿ ಒಂದೋ ಎರಡೋ. ಅದಕ್ಕ ಡಿನ್ನರ್ ಜಾಕೆಟ್ಟ ಬೇಕಂತಿಲ್ಲ, ಕಪ್ಪೋ ಗಾಢ ನೀಲಿಯೋ ಸೂಟು ಇದ್ರ ನಡೀತದ. ಟೈ ಬ್ಯಾಡ ಅನ್ನೋವ್ರಿಗೆ ನಮ್ಮ ಬಂದ್ ಗಲಾ ಕೋಟು ಭಾಳ ಚಲೋ. ಕೊರಳ ತನಕ ಗುಂಡಿ, ಒಳಗ ಯಾವ ಅಂಗಿ ಇದ್ರೂ ಕಾಣಂಗಿಲ್ಲ. ಎಷ್ಟೋ ಕಂಪನಿ ಆಯಾ ದೇಶದ ಹಬ್ಬದ ಉಡುಪು ಒಪ್ಪತಾವ. ಧೋತರ, ಶೇರವಾನಿ ಒಯ್ಯೋದಿದ್ರ ಮಕ್ಕಳ ಕಡೆಯಿಂದ ಮೊದಲ ಒಂದು ಇ-ಮೇಲ್ ಹಾಕಿಸಿ, ಉತ್ತರ ಪ್ರಿಂಟ್ ತಗದು ಪರ್ಸಿನ್ಯಾಗ ಇಟ್ಟುಕೊಳ್ರಿ. ಉಳದ ರಾತ್ರಿಗೆ ಕಾಲರ್ ಇದ್ದ ಅಂಗಿ, ಉದ್ದ ಪ್ಯಾಂಟು, ಬೂಟು ಸಾಕು. ದೊಡ್ಡ ಊಟದ ಕೋಣಿಗೆ ಚಡ್ಡಿ, ಬನಿಯನ್, ಹವಾಯಿ ಚಪ್ಪಲಿ ಮಾತ್ರ ನಡ್ಯಂಗಿಲ್ಲ. ಯಾವ ಕೋಟೂ ಬ್ಯಾಡ ಅನ್ನಿಸಿದ ದಿವ್ಸ ಬುಫೆ ಕಡೆ ಹೋದ್ರಾತು, ಅಲ್ಲಿ ಯಾರೂ ಕೇಳಂಗಿಲ್ಲ. ಹೊಸ ಸೂಟು ಹೊಲಸೋ ಖರ್ಚು ಬ್ಯಾಡ. ಮಗನ ಲಗ್ನಕ್ಕ ಹೊಲಿಸಿದ್ದು ಟ್ರಂಕಿನ್ಯಾಗ ಇದ್ರ ನಡ ನೋಡಿ ಸಡ್ಲ ಮಾಡಸ್ರಿ. ಹೊರಡೋಕಿಂತ ಒಂದು ವಾರ ಮೊದಲ ಬಿಸಲಿಗೆ ಹಾಕ್ರಿ, ಡಾಂಬರ ಗುಳಿಗಿ ವಾಸ್ನಿ ಹೋಗಬೇಕಲ್ಲ. ಬಾತ್‌ರೂಮಿನ ಬಿಸಿನೀರಿನ ಹಬಿಯೊಳಗ ಹತ್ತು ನಿಮಿಷ ತೂಗಹಾಕಿದ್ರ ಹಡಗಿನ್ಯಾಗ ಇಸ್ತ್ರಿ ಇಲ್ಲದೂ ಸುಕ್ಕು ಬಿಡತದ. ಇಸ್ತ್ರಿ ಪೆಟ್ಟಿಗಿ ಮಾತ್ರ ಒಯ್ಯಬ್ಯಾಡ್ರಿ. ಬೆಂಕಿ ಅಂಜಿಕಿಗೆ ಹಡಗಿನವ್ರು ಕಸ್ಕೋತಾರ.

ಒಂದ ಮಾತು ಮರೀಬ್ಯಾಡ್ರಿ. ನಿಮಗ ಬಡಿಸೋ ಹುಡುಗ ಗೋವಾದವನೋ, ಮಂಗಳೂರಿನವನೋ, ಫಿಲಿಪೀನ್ಸಿನವನೋ ಇರಬಹುದು. ಆತನ ಕಾಲರ್ ನಿಮ್ಮ ಯಜಮಾನ್ರ ಕಾಲರಿಗಿಂತ ಬೆಳ್ಳಗ ಇರತದ. ಅದರ ಹಿಂದ ಯಾರದೋ ಕೈ ಅದ. ಹೆಸರು ಕೇಳಿ, ಊರು ಕೇಳಿ, ಉಂಡಾದ ಮ್ಯಾಲೆ ಅಡಗಿ ಚಲೋ ಆಗಿತ್ತಪ್ಪಾ ಅಂತ ಒಂದು ಮಾತು ಹೇಳಿದ್ರ, ಅದ ಎಲ್ಲಾದಕ್ಕಿಂತ ದೊಡ್ಡ ಪೋಷಾಕು.